ಸೊಂಟದ ಶಸ್ತ್ರಚಿಕಿತ್ಸೆಯಾದವರ ಬಳಿ ಮನೋರೋಗ ವಿಭಾಗದ ಸಿಸ್ಟರ್ ಏಕೆ?

ಪ್ರಶ್ನೆ: ನನ್ನ ತಂದೆಗೆ 74 ವರ್ಷ. ತೋಟದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿದ್ದರಿಂದ ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಯಾಗಿದೆ. ಎರಡನೆಯ ರಾತ್ರಿಯಿಂದ ‘ತೋಟಕ್ಕೆ ದನ ನುಗ್ಗಿದೆ, ದಣಪೆ ಹಾಕು’ ಎಂದು ಕೂಗುತ್ತ ಡ್ರಿಪ್ಸ್ ಕಿತ್ತುಹಾಕುತ್ತಿದ್ದಾರೆ. ಮನೋರೋಗ ವಿಭಾಗದ ಸಿಸ್ಟರ್ ಬಂದು ನೋಡುತ್ತಾರೆ ಎಂದಾಗ ಚಿಕ್ಕಪ್ಪ, ‘ಅಣ್ಣನಿಗೇನು ಹುಚ್ಚೇ?’ ಎಂದು ನೊಂದುಕೊಂಡರು. ತೋರಿಸಬೇಕೇ?
ಓದುಗರು, ಸಾಗರ ತಾಲ್ಲೂಕು

ಉತ್ತರ: ಖಂಡಿತ ತೋರಿಸಿ, ತಡಮಾಡಬೇಡಿ. ನೀವು ಬರೆದಿರುವುದನ್ನು ನೋಡಿದರೆ ಇದು ಹಿರಿಯರು ‘ಸನ್ನಿ’ ಎನ್ನುತ್ತಿದ್ದ, ವೈದ್ಯರು ಡೆಲಿರಿಯಂ ಎನ್ನುವ ಸ್ಥಿತಿಯಂತಿದೆ. ಹುಚ್ಚಲ್ಲ. ಸೋಂಕು, ರಕ್ತದಲ್ಲಿ ಸೋಡಿಯಂ ಇಳಿಯುವುದು, ಹತೋಟಿಗೆ ಬಾರದ ನೋವು, ಮೂತ್ರ ಕಟ್ಟುವುದು, ಕೆಲವು ಔಷಧಿಗಳು, ಇವುಗಳಲ್ಲಿ ಯಾವುದಾದರೂ ವಯಸ್ಸಾದವರ ಮಿದುಳನ್ನು ಕೆಲವು ಕಾಲ ಕಂಗೆಡಿಸಬಹುದು. ಮಂಗನ ಕಾಯಿಲೆಯಲ್ಲಿ ಕೆಲವರಿಗೆ ಬಿಟ್ಟ ಜ್ವರ ಮರಳಿ ಬಂದಾಗ ನಡುಕದ ಜೊತೆ ಬುದ್ಧಿಯೂ ಗಲಿಬಿಲಿಗೊಳ್ಳುವುದನ್ನು ನಿಮ್ಮ ಕಡೆಯವರು ಕೇಳಿರುತ್ತೀರಿ.

ಆ ಸಿಸ್ಟರ್ ಭಾನುವಾರದಿಂದ ಹಿಂದಕ್ಕೆ ವಾರಗಳ ಹೆಸರು ಹೇಳಿಸಿ ಗಮನ ಎಷ್ಟು ನಿಲ್ಲುತ್ತದೆಂದು ನೋಡುತ್ತಾರೆ; ಹಗಲು ತಿಳಿಯಾಗಿದ್ದವರು ಕತ್ತಲಾದೊಡನೆ ಕೆಡುತ್ತಾರೆಯೇ ಎಂದು ಗುರುತಿಸಿ, ನೋವು, ಮಲಮೂತ್ರ, ನಿದ್ದೆ, ಔಷಧಿಗಳ ವಿವರಗಳನ್ನೆಲ್ಲ ಕೂಡಿಸಿ ಮೂಳೆ ವಿಭಾಗದ ವೈದ್ಯರ ಮುಂದಿಡುತ್ತಾರೆ. ಕೈಕಟ್ಟದೆ ಸಂಭಾಳಿಸುವ ಬಗೆಯನ್ನು ವಾರ್ಡಿನ ಸಿಬ್ಬಂದಿಗೂ ತೋರಿಸಿಕೊಡುತ್ತಾರೆ. ಮಂಚಕ್ಕೆ ಕೈಕಟ್ಟಿಸಿಕೊಂಡು ಒದ್ದಾಡುತ್ತಿದ್ದ ವೃದ್ಧರೊಬ್ಬರ ಕಟ್ಟು ಬಿಚ್ಚಿಸಿ, ಊಟದ ಡಬ್ಬಿಗಳ ಹಿಂದೆ ಸಿಕ್ಕ ಅವರ ಕನ್ನಡಕವನ್ನು ಒರೆಸಿ ತೊಡಿಸಿದ ಸಿಸ್ಟರ್ ಒಬ್ಬರನ್ನು ನಾನು ಕಂಡಿದ್ದೇನೆ. ‘ಗೋಡೆಯ ಮೇಲೆ ಯಾರೋ ನಿಂತಿದ್ದಾರೆ’ ಎನ್ನುತ್ತಿದ್ದವರು, ಅದು ನೇತುಹಾಕಿದ ಟವೆಲ್ಲೆಂದು ತಾವೇ ಕಂಡುಕೊಂಡರು. ಮಾತ್ರೆಗಿಂತ ಮೊದಲು ಇಂಥ ಆರೈಕೆ ಆಗಬೇಕು.

ನಿಮ್ಮಿಂದಲೂ ಸಹಾಯ ಬೇಕು. ರಾತ್ರಿ ಮನೆಯವರೇ ಒಬ್ಬರು ಬಳಿಯಿರಿ. ದನ ಬಂದಿಲ್ಲವೆಂದು ವಾದಿಸದೆ, ‘ತಮ್ಮ ನೋಡಿಕೊಳ್ಳುತ್ತಿದ್ದಾನೆ, ನೀವು ಆಸ್ಪತ್ರೆಯಲ್ಲಿದ್ದೀರಿ’ ಎಂದು ಮೆಲ್ಲಗೆ ತಿಳಿಸಿ. ತಂದೆಯವರಿಗೆ ದಿನವೂ ಕುಡಿಯುವ ಅಭ್ಯಾಸವಿದ್ದರೆ ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ; ಮದ್ಯ ನಿಂತ ಎರಡು-ಮೂರು ದಿನಗಳಲ್ಲಿ ಬರುವ ಸನ್ನಿ ಪ್ರಾಣಕ್ಕೇ ಅಪಾಯ, ಅದರ ಚಿಕಿತ್ಸೆಯೂ ಬೇರೆ.

ಇನ್ನೊಂದು ಮಾತು: ಕೂಗಾಟ ನಿಂತು ಅವರು ಊಟವನ್ನೂ ಕೇಳದೆ ಮಂಪರಿನಲ್ಲಿ ಮಲಗಿಬಿಟ್ಟರೆ, ಆರಾಮವಾಯಿತೆಂದು ತಿಳಿಯದೆ ಕೂಡಲೇ ಸಿಸ್ಟರನ್ನು ಕರೆಯಿರಿ. ಸನ್ನಿ ಹಾಗೆ ಸದ್ದಿಲ್ಲದೆಯೂ ಇರುತ್ತದೆ.