ಹತ್ತಡಿ ಕೋಣೆಯಲ್ಲಿ ಬ್ಯಾಂಡ್‌ನ ಡ್ರಮ್ಸ್ ರೆಕಾರ್ಡ್ ಮಾಡಲು ನಾಲ್ಕು ಮೈಕ್ ಸಾಕೇ?

ಸಾಕು. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆ, ಮೈಕ್‌ಗಳನ್ನು ಕಂಪ್ಯೂಟರ್‌ಗೆ ಜೋಡಿಸುವ ನಾಲ್ಕು ಇನ್‌ಪುಟ್‌ಗಳ ಇಂಟರ್‌ಫೇಸ್ ಇದೆ, ಎಂಟು ಇನ್‌ಪುಟ್‌ನದನ್ನೂ ಇನ್ನಷ್ಟು ಮೈಕ್‌ಗಳನ್ನೂ ಕೊಳ್ಳಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಆ ಹಣದಲ್ಲಿ ಮೊದಲು ಡ್ರಮ್‌ಗಳಿಗೆ ಹೊಸ ಹೆಡ್ (ಬಿಗಿದ ಹೊದಿಕೆ) ಹಾಕಿಸಿ ಚೆನ್ನಾಗಿ ಶ್ರುತಿ ಮಾಡಿಸಿ, ಉಳಿದದ್ದನ್ನು ಚಾವಣಿಗೆ ಖರ್ಚು ಮಾಡಿ. ನಾನೂ ಮನೆಯ ಕೋಣೆಯಲ್ಲೇ ಬ್ಯಾಂಡ್‌ಗಳನ್ನು ರೆಕಾರ್ಡ್ ಮಾಡುವವನು. ಇಂಥ ಕೋಣೆಯಲ್ಲಿ ಡ್ರಮ್ಸ್‌ನ ಸದ್ದು ಕೆಡುವುದು ಹೆಚ್ಚಾಗಿ ಚಾವಣಿಯಿಂದಲೇ.

ಓವರ್‌ಹೆಡ್ ಮೈಕ್, ಅಂದರೆ ಡ್ರಮ್‌ಗಳ ಮೇಲಿನಿಂದ ಸದ್ದು ಹಿಡಿಯುವ ಮೈಕ್, ಚಾವಣಿಗಿಂತ ಒಂದಡಿ ಕೆಳಗಿದೆ ಎನ್ನಿ. ಸ್ನೇರ್‌ನ (ಡ್ರಮ್ಮರ್‌ನ ಮುಂದಿರುವ ಚುರುಕು ಸದ್ದಿನ ಡ್ರಮ್‌ನ) ಸದ್ದು ನೇರವಾಗಿ ಮೈಕ್ ತಲುಪಿದ ಬಳಿಕ, ಚಾವಣಿಗೆ ಬಡಿದು ಎರಡಡಿ ಹೆಚ್ಚು ಸಾಗಿದ ಅದೇ ಸದ್ದು ಸುಮಾರು 1.8 ಮಿಲಿಸೆಕೆಂಡ್ ತಡವಾಗಿ ಮತ್ತೆ ಬರುತ್ತದೆ. ಎರಡೂ ಬೆರೆತಾಗ 280 ಹರ್ಟ್ಸ್ ಆಸುಪಾಸಿನಲ್ಲಿ, ಆಮೇಲೆ ಅದರ ಮೂರು ಪಟ್ಟು, ಐದು ಪಟ್ಟಿನಲ್ಲಿ ಸದ್ದು ಸೊರಗುತ್ತದೆ. ಈಕ್ವಲೈಸರ್‌ನಿಂದ ಇದನ್ನು ತುಂಬಲಾಗದು. ನಾಲ್ಕು ಇಂಚು ದಪ್ಪದ ರಾಕ್‌ವೂಲ್ (ಸದ್ದು ಹೀರುವ ಖನಿಜ ಉಣ್ಣೆ) ಹಲಗೆಗಳನ್ನು ಬಟ್ಟೆಯಲ್ಲಿ ಸುತ್ತಿ ಡ್ರಮ್ ಕಿಟ್‌ನ ನೆತ್ತಿಯ ಮೇಲೆ ತೂಗುಹಾಕಿ. ಮೊಟ್ಟೆಯ ಟ್ರೇ ಅಂಟಿಸುವುದು ವ್ಯರ್ಥ.

ಚಾವಣಿಯ ಎತ್ತರವೂ ಹತ್ತಡಿಯೇ ಆಗಿದ್ದರೆ ಇನ್ನೊಂದು ತೊಡಕಿದೆ: ಮೂರೂ ದಿಕ್ಕಿನ ಅನುರಣನ 56 ಹರ್ಟ್ಸ್‌ನಲ್ಲೇ ಬಂದು ಸೇರುತ್ತದೆ. ಕಾಲಿನಿಂದ ಬಾರಿಸುವ ದೊಡ್ಡ ಕಿಕ್ ಡ್ರಮ್‌ನ ಗುಮ್ಮೆನ್ನುವ ಸದ್ದಿನ ಜಾಗವೂ ಅದೇ. ಆದ್ದರಿಂದ ಕಿಟ್ ಅನ್ನು ಮೂಲೆಗೆ ಒತ್ತರಿಸಬೇಡಿ. ಕಿಕ್‌ನ ಒಳಗೆ ಒಂದು ಕಂಬಳಿ ಮಡಿಸಿಟ್ಟು, ಮುಂಭಾಗದ ಹೆಡ್‌ನಲ್ಲಿ ತೂತಿದ್ದರೆ ಮೈಕ್ ಅನ್ನು ಒಳಕ್ಕೇ ಇಳಿಸಿ.

ಮೈಕ್ ಇಡಲು ಇಂಗ್ಲೆಂಡಿನ ಎಂಜಿನಿಯರ್ ಗ್ಲಿನ್ ಜಾನ್ಸ್ ಅವರ ಕ್ರಮ ನಿಮಗೆ ಹೇಳಿ ಮಾಡಿಸಿದಂತಿದೆ. 1968ರಲ್ಲಿ ಲಂಡನ್ನಿನ ಒಲಿಂಪಿಕ್ ಸ್ಟುಡಿಯೋದಲ್ಲಿ ರಾಕ್ ಬ್ಯಾಂಡ್ ಲೆಡ್ ಜೆಪ್ಪೆಲಿನ್‌ನ ಡ್ರಮ್ಮರ್ ಜಾನ್ ಬೋನಮ್ ಅವರ ಡ್ರಮ್ಸ್ ಅನ್ನು ಅವರು ಬೆರಳೆಣಿಕೆಯ ಮೈಕ್‌ಗಳಲ್ಲೇ ಹಿಡಿದರು. ಒಂದು ಮೈಕ್ ಸ್ನೇರ್‌ಗಿಂತ ಸುಮಾರು ಒಂದು ಮೀಟರ್ ಮೇಲೆ. ಇನ್ನೊಂದು ಫ್ಲೋರ್ ಟಾಮ್‌ನ (ನೆಲದ ಮೇಲೆ ಕಾಲೂರಿ ನಿಲ್ಲುವ ಡ್ರಮ್‌ನ) ಪಕ್ಕದಲ್ಲಿ, ಅದರ ಅಂಚಿಗಿಂತ ತುಸು ಮೇಲೆ, ಸ್ನೇರ್ ಕಡೆಗೆ ಮುಖ ಮಾಡಿ. ಸ್ನೇರ್‌ನ ನಡುವೆ ದಾರದ ತುದಿಯನ್ನು ಬೆರಳಿನಿಂದ ಒತ್ತಿ, ದಾರವನ್ನು ಮೊದಲ ಮೈಕ್‌ನ ಮೂತಿಯವರೆಗೆ ಬಿಗಿಯಾಗಿ ಎಳೆದು ಅಲ್ಲೊಂದು ಗಂಟು ಹಾಕಿ. ಅದೇ ಗಂಟು ಎರಡನೆಯ ಮೈಕ್‌ಗೂ ಸರಿಯಾಗಿ ಮುಟ್ಟಬೇಕು. ಆಗ ಸ್ನೇರ್ ಎರಡಕ್ಕೂ ಒಂದೇ ಕ್ಷಣದಲ್ಲಿ ತಲುಪಿ, ಮಿಕ್ಸ್‌ನ ನಟ್ಟನಡುವೆ ಗಟ್ಟಿಯಾಗಿ ನಿಲ್ಲುತ್ತದೆ. ಉಳಿದೆರಡು ಮೈಕ್ ಕಿಕ್‌ಗೆ ಮತ್ತು ಸ್ನೇರ್‌ಗೆ. ಸ್ನೇರ್‌ಗೆ ಶೂರ್ ಎಸ್‌ಎಂ57 ಇದ್ದರೆ ಬೇರೇನೂ ಹುಡುಕಬೇಡಿ.

ಕಿಕ್ ಟ್ರ್ಯಾಕ್‌ನ ಪೊಲಾರಿಟಿ ಬಟನ್ (ಸದ್ದಿನ ಅಲೆಯನ್ನು ತಲೆಕೆಳಗು ಮಾಡುವ ಬಟನ್) ಅನ್ನು ಒಮ್ಮೆ ಒತ್ತಿ, ಒಮ್ಮೆ ಬಿಟ್ಟು, ಓವರ್‌ಹೆಡ್‌ಗಳ, ಅಂದರೆ ದಾರದಿಂದ ಅಳೆದಿಟ್ಟ ಆ ಎರಡು ಮೈಕ್‌ಗಳ, ಜೊತೆಗೇ ಕೇಳಿ. ಯಾವುದರಲ್ಲಿ ತಳದ ಸದ್ದು ತುಂಬಿಕೊಳ್ಳುತ್ತದೋ ಅದನ್ನೇ ಇಟ್ಟುಕೊಳ್ಳಿ. ಡ್ರಮ್ಮರ್‌ಗೆ ಸಿಂಬಲ್‌ಗಳನ್ನು ಹಗುರವಾಗಿ ಬಾರಿಸಲು ಹೇಳಿ. ಚಿಕ್ಕ ಕೋಣೆಯಲ್ಲಿ ಅವು ಮಿಕ್ಕೆಲ್ಲವನ್ನೂ ನುಂಗಿಬಿಡುತ್ತವೆ.

ನಾಲ್ಕೂ ಇನ್‌ಪುಟ್ ಡ್ರಮ್ಸ್‌ಗೇ ಹೋಗುವುದರಿಂದ ಗಿಟಾರ್, ಬೇಸ್‌ಗಳ ಗೈಡ್ ಟ್ರ್ಯಾಕ್ (ನುಡಿಸುವಾಗ ಅನುಸರಿಸಲು ತಾತ್ಕಾಲಿಕ ಟ್ರ್ಯಾಕ್) ಅನ್ನು ಕ್ಲಿಕ್‌ನೊಂದಿಗೆ, ಅಂದರೆ ತಾಳ ತೋರುವ ಟಿಕ್ ಟಿಕ್ ಸದ್ದಿನೊಂದಿಗೆ, ಮೊದಲೇ ರೆಕಾರ್ಡ್ ಮಾಡಿಟ್ಟುಕೊಂಡು, ಡ್ರಮ್ಮರ್‌ಗೆ ಹೆಡ್‌ಫೋನ್‌ನಲ್ಲಿ ಕೊಡಿ. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಇರಲಿ. ಇಲ್ಲವಾದರೆ ಹಾಡಿನ ಕೊನೆಯ ಸಿಂಬಲ್ ಇಳಿಯುತ್ತಿರುವಾಗ ಕ್ಲಿಕ್ ಓವರ್‌ಹೆಡ್‌ಗೆ ನುಸುಳುತ್ತದೆ. ಆ ಭಾಗದಲ್ಲಿ ಕ್ಲಿಕ್ ಅನ್ನು ಮೊದಲೇ ಮ್ಯೂಟ್ ಮಾಡಿಡಿ.