ಪ್ರತಿಕ್ರಿಯೆ: ಗ್ಲಾಕೋಮಾ ಇಲಿಯಲ್ಲಿ ಕೋಶಗಳ ಎಣಿಕೆ ಯಾಕೆ ಇಳಿಯುತ್ತಿಲ್ಲ?

ವಯಸ್ಸಾದಂತೆ ಗ್ಲಾಕೋಮಾ ಬರುವ ಡಿಬಿಎ/2ಜೆ ತಳಿಯ ಇಲಿಗಳ ರೆಟಿನಾಕ್ಕೆ, ಕೋಶಗಳ ನ್ಯೂಕ್ಲಿಯಸ್‌ಗೆ ಅಂಟುವ ಡ್ಯಾಪಿ ಬಣ್ಣ ಹಾಕಿ ಗ್ಯಾಂಗ್ಲಿಯನ್ ಪದರದ ಕೋಶಗಳನ್ನು ಎಣಿಸಿದಾಗ, ಕಣ್ಣಿನ ನರ ಹಾಳಾಗಿದ್ದರೂ ಸಂಖ್ಯೆ ಅಷ್ಟಾಗಿ ಇಳಿದಿಲ್ಲ ಎಂದು ಬರೆದಿದ್ದೀರಿ. ನಿಮ್ಮ ಎಣಿಕೆ ಸರಿಯಾಗಿಯೇ ಇರಬಹುದು, ತೊಂದರೆ ಇರುವುದು ಬಣ್ಣದ ಆಯ್ಕೆಯಲ್ಲಿ. ಇಲಿಯ ಆ ಪದರದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನರಕೋಶಗಳು ಗ್ಯಾಂಗ್ಲಿಯನ್ ಕೋಶಗಳೇ (ಮೆದುಳಿಗೆ ಸಂಕೇತ ಒಯ್ಯುವ, ಗ್ಲಾಕೋಮಾದಲ್ಲಿ ಸಾಯುವ ಕೋಶಗಳು) ಅಲ್ಲ. ರೆಟಿನಾ ಬೆಳೆಯುವಾಗ ಒಳ ನ್ಯೂಕ್ಲಿಯರ್ ಪದರಕ್ಕೆ ಹೋಗದೆ ಇಲ್ಲಿ ನೆಲೆಸಿದ, ರೆಟಿನಾದೊಳಗೇ ಸಂಪರ್ಕ ಕಲ್ಪಿಸುವ ಅಮಾಕ್ರೈನ್ ಕೋಶಗಳು ಅವು. ಗ್ಲಾಕೋಮಾದಲ್ಲಿ ಬಹುಮಟ್ಟಿಗೆ ಉಳಿಯುತ್ತವೆ, ಡ್ಯಾಪಿ ಎಲ್ಲವನ್ನೂ ಒಂದೇ ಸಮ ತೋರಿಸುತ್ತದೆ.

ರೆಟಿನಾದಲ್ಲಿ ಗ್ಯಾಂಗ್ಲಿಯನ್ ಕೋಶಗಳನ್ನಷ್ಟೇ ತೋರಿಸುವ ಆರ್‌ಬಿಪಿಎಂಎಸ್ ಪ್ರೋಟೀನಿಗೆ ಅಂಟುವ ಪ್ರತಿಕಾಯಕ್ಕೆ ಬದಲಾಯಿಸಿ. ಇದೇ ಕೋಶಗಳನ್ನು ಗುರುತಿಸಲು ಬಳಸುವ ಇನ್ನೊಂದು ಪ್ರೋಟೀನ್ ಬಿಆರ್‌ಎನ್3ಎ ನ್ಯೂಕ್ಲಿಯಸ್‌ನಲ್ಲಿ ಕಾಣುವುದರಿಂದ ಸಾಫ್ಟ್‌ವೇರ್ ಎಣಿಕೆಗೆ ಸುಲಭ, ನಿಜ. ಆದರೆ ಪೆಟ್ಟು ತಿಂದ ಕೋಶ ಸಾಯುವ ಮೊದಲೇ ಅದನ್ನು ಕಡಿಮೆ ಮಾಡಿಕೊಳ್ಳುತ್ತದೆ, ಬದುಕಿರುವುದನ್ನೂ ಸತ್ತ ಲೆಕ್ಕಕ್ಕೆ ಸೇರಿಸಿಬಿಡುತ್ತೀರಿ.

ಕಣ್ಣು ತೆಗೆಯುವ ಮೊದಲೇ ಮೇಲ್ಭಾಗಕ್ಕೆ ಗುರುತು ಹಾಕಿ. ಅಂಗಾಂಶ ಕೆಡದಂತೆ 4% ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಒಂದು ಗಂಟೆ ಇಟ್ಟು, ರೆಟಿನಾಕ್ಕೆ ನಾಲ್ಕು ಸೀಳು ಕೊಟ್ಟು ಹರಡಿ. ಅಂಟಿಕೊಂಡ ವಿಟ್ರಿಯಸ್ಸನ್ನು (ಕಣ್ಣೊಳಗಿನ ಲೋಳೆ) ಮೃದು ಬ್ರಷ್‌ನಿಂದ ಪೂರ್ತಿ ತೆಗೆಯಿರಿ. ಉಳಿದರೆ ಪ್ರತಿಕಾಯ ಇಳಿಯದೆ, ಕೋಶ ಸತ್ತಂತೆ ಕಾಣುವ ಖಾಲಿ ತೇಪೆಗಳಾಗುತ್ತವೆ. ಪ್ರಾಥಮಿಕ ಪ್ರತಿಕಾಯಕ್ಕೆ (ಆರ್‌ಬಿಪಿಎಂಎಸ್‌ಗೆ ನೇರ ಅಂಟುವುದು) 4 ಡಿಗ್ರಿಯಲ್ಲಿ ಎರಡು ಮೂರು ದಿನ ಕೊಡಿ.

ಈ ತಳಿಯಲ್ಲಿ ನಷ್ಟ ಬೀಸಣಿಗೆಯಾಕಾರದ ಪಟ್ಟಿಗಳಲ್ಲಿ ಆಗುತ್ತದೆ, ಹಾಗಾಗಿ ಎರಡು ಮೂರು ಚಿತ್ರ ಖಂಡಿತ ಸಾಲದು. ಸಾಧ್ಯವಾದರೆ ಇಡೀ ರೆಟಿನಾ ಸ್ಕ್ಯಾನ್ ಮಾಡಿ, ಇಲ್ಲದಿದ್ದರೆ ಪ್ರತಿ ಕಾಲುಭಾಗದಲ್ಲಿ ರೆಟಿನಾದ ಕೇಂದ್ರದ ಹತ್ತಿರ, ಮಧ್ಯ, ಅಂಚು ಸೇರಿ ಒಟ್ಟು 12 ಚಿತ್ರ ತೆಗೆಯಿರಿ. ಹೋಲಿಕೆಗೆ ಅದೇ ವಯಸ್ಸಿನ, ಜಿಪಿಎನ್‌ಎಂಬಿ ಜೀನ್ (ಇದರ ದೋಷವೇ ಈ ತಳಿಯಲ್ಲಿ ಗ್ಲಾಕೋಮಾಕ್ಕೆ ಒಂದು ಕಾರಣ) ಸರಿಯಿರುವ ಡಿಬಿಎ/2ಜೆ ಇಲಿಯೇ ಬೇಕು.