ಗ್ರ್ಯಾನ್ಯುಲೋಮಾ ಕಂಡರೆ ಸಾರ್ಕಾಯ್ಡೋಸಿಸ್ಸೇ?

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: ‘ತಂಗಿಯ ಎದೆಯೊಳಗಿನ ದುಗ್ಧಗ್ರಂಥಿಗಳು ಊದಿವೆ. ಕ್ಷಯಕ್ಕಾಗಿ ಚರ್ಮದಲ್ಲಿ ಮಾಡುವ ಮಾಂಟೂ ಪರೀಕ್ಷೆಯಲ್ಲಿ ಏನೂ ಏಳಲಿಲ್ಲ. ಸಾರ್ಕಾಯ್ಡೋಸಿಸ್ ಇರಬಹುದಂತೆ. ಕ್ವೈಮ್ ಪರೀಕ್ಷೆ ಎಲ್ಲಿ ಮಾಡುತ್ತಾರೆ? ಚರ್ಮದ ತುಣುಕಿನಲ್ಲಿ ಏನನ್ನು ನೋಡುತ್ತಾರೆ?’

ಸಾರ್ಕಾಯ್ಡೋಸಿಸ್ ಎಂದರೆ ದುಗ್ಧಗ್ರಂಥಿ, ಶ್ವಾಸಕೋಶ, ಚರ್ಮ ಮುಂತಾದೆಡೆ ಗ್ರ್ಯಾನ್ಯುಲೋಮಾ, ಅಂದರೆ ರಕ್ಷಣಾಕೋಶಗಳ ಪುಟ್ಟ ಗಂಟುಗಳು, ಏಳುವ ಕಾಯಿಲೆ. ಅದನ್ನು ಪತ್ತೆಮಾಡಲು ಮಾಡುತ್ತಿದ್ದ ಕ್ವೈಮ್ ಪರೀಕ್ಷೆ ಈಗ ಬಳಕೆಯಲ್ಲಿಲ್ಲ. ಅದಕ್ಕಾಗಿ ಊರೂರು ಅಲೆಯಬೇಡಿ. ನಾರ್ವೆಯ ವೈದ್ಯ ಆನ್ಸ್‌ಗರ್ ಕ್ವೈಮ್ 1941ರಲ್ಲಿ ಪ್ರಕಟಿಸಿದ ವಿಧಾನ ಅದು. ಸಾರ್ಕಾಯ್ಡೋಸಿಸ್ ಇರುವ ರೋಗಿಯ ದುಗ್ಧಗ್ರಂಥಿಯನ್ನು ಅರೆದು ಮಾಡಿದ ದ್ರವವನ್ನು ಚರ್ಮದೊಳಗೆ ಚುಚ್ಚುತ್ತಿದ್ದರು. ನ್ಯೂಯಾರ್ಕಿನ ಲೂಯಿ ಸಿಲ್ಟ್ಸ್‌ಬಾಕ್ ಮುಂದೆ ಗುಲ್ಮದಿಂದ ದ್ರವ ತಯಾರಿಸಿ ಇದನ್ನು ಹದಕ್ಕೆ ತಂದರು. ಮಾಂಟೂ ಗುರುತನ್ನು 48–72 ಗಂಟೆಯಲ್ಲಿ ಅಳೆದರೆ ಮುಗಿಯಿತು; ಇಲ್ಲಿ ನಾಲ್ಕರಿಂದ ಆರು ವಾರ ಕಾದು, ಎದ್ದ ಗಂಟಿನ ತುಣುಕು ತೆಗೆದು, ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೇ ತೀರ್ಪು. ಮಾನವ ಅಂಗಾಂಶದಿಂದ ಸೋಂಕು ಹರಡುವ ಭಯ, ತಯಾರಿಕೆಯಿಂದ ತಯಾರಿಕೆಗೆ ಬದಲಾಗುವ ಗುಣ, ಇವೆರಡೂ ಅದನ್ನು ಮೂಲೆಗೆ ಸರಿಸಿದವು. ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಗಂಟು ಏಳದೆಯೂ ಹೋಗುತ್ತಿತ್ತು.

ಆ ಗಂಟಿನಲ್ಲಿ ಮೊದಲು ರಕ್ತನಾಳಗಳ ಸುತ್ತ ಲಿಂಫೋಸೈಟ್‌ಗಳು (ಒಂದು ಬಗೆಯ ಬಿಳಿ ರಕ್ತಕಣ) ಸೇರುತ್ತವೆ, ಆಮೇಲೆ ಮ್ಯಾಕ್ರೋಫೇಜ್‌ಗಳು (ಹೊರವಸ್ತು ನುಂಗುವ ಕೋಶಗಳು). ವಾರಗಳು ಕಳೆದಂತೆ ಈ ಮ್ಯಾಕ್ರೋಫೇಜ್‌ಗಳು ಎಪಿಥೀಲಿಯಾಯ್ಡ್ ಕೋಶಗಳಾಗುತ್ತವೆ: ತಿಳಿಗುಲಾಬಿ ಬಣ್ಣ, ಉದ್ದನೆಯ ನ್ಯೂಕ್ಲಿಯಸ್, ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೆಂದು ತಿಳಿಯದಷ್ಟು ಒತ್ತೊತ್ತು. ನಡುನಡುವೆ ಹಲವು ನ್ಯೂಕ್ಲಿಯಸ್‌ಗಳ ದೈತ್ಯಕೋಶಗಳು. ಸುತ್ತಲಿನ ಲಿಂಫೋಸೈಟ್ ಬೇಲಿ ತೆಳು, ಅದಕ್ಕೇ ‘ಬೆತ್ತಲೆ ಗ್ರ್ಯಾನ್ಯುಲೋಮಾ’ ಎಂಬ ಹೆಸರು. ಕ್ಷಯದಲ್ಲಿ ಕಾಣುವ, ಗಿಣ್ಣಿನಂತೆ ಪುಡಿಯಾದ ಸತ್ತ ನಡುಭಾಗ ಇರುವುದಿಲ್ಲ. ದೈತ್ಯಕೋಶದೊಳಗಿನ ನಕ್ಷತ್ರಾಕಾರದ ಆಸ್ಟರಾಯ್ಡ್ ಕಾಯಗಳು ನೋಡಲು ಚೆಂದ, ಆದರೆ ಬೇರೆ ಕಾಯಿಲೆಗಳಲ್ಲೂ ಕಾಣುತ್ತವೆ.

ಇಂದು ರೋಗವೇ ಚರ್ಮದಲ್ಲಿ ಎಬ್ಬಿಸಿದ ಗಂಟನ್ನು ಹೀಗೆ ಓದುತ್ತಾರೆ. ತಂಗಿಯ ಮೈಮೇಲೆ ಗಂಟು, ಇಲ್ಲವೇ ಕೆಂಪಾಗಿ ದಪ್ಪಗಾದ ಹಳೆಯ ಗಾಯದ ಕಲೆ ಇದೆಯೇ ನೋಡಿ. ಮೊಣಕಾಲ ಕೆಳಗಿನ ನೋವಿನ ಕೆಂಪು ಗಡ್ಡೆಗಳಿಂದ (ಎರಿಥೀಮಾ ನೋಡೋಸಮ್) ತುಣುಕು ತೆಗೆದರೆ ಪ್ರಯೋಜನವಿಲ್ಲ. ಅಲ್ಲಿ ಸಾರ್ಕಾಯ್ಡ್ ಗ್ರ್ಯಾನ್ಯುಲೋಮಾ ಸಿಗುವುದಿಲ್ಲ. 4 ಮಿ.ಮೀ. ಪಂಚ್‌ನಲ್ಲಿ (ಚರ್ಮದ ದುಂಡು ತುಣುಕು ಕತ್ತರಿಸುವ ಸಾಧನ) ಎರಡು ತುಣುಕು ತೆಗೆಯುವುದು ಒಳ್ಳೆಯದು: ಒಂದು ಅಂಗಾಂಶ ಕೆಡದಂತೆ ಕಾಯುವ ಫಾರ್ಮಲಿನ್‌ಗೆ, ಇನ್ನೊಂದು ಕಲ್ಚರ್‌ಗಾಗಿ (ರೋಗಾಣು ಬೆಳೆಸಿ ನೋಡಲು) ಸಲೈನ್‌ಗೆ. ಎರಡನ್ನೂ ಫಾರ್ಮಲಿನ್‌ಗೆ ಹಾಕಿದರೆ ಬ್ಯಾಕ್ಟೀರಿಯಾ ಸತ್ತು ಕಲ್ಚರ್ ಕೈತಪ್ಪುತ್ತದೆ. ಈ ತಪ್ಪು ಆಗುತ್ತಲೇ ಇರುತ್ತದೆ, ನೆನಪಿಸಲು ಹಿಂಜರಿಯಬೇಡಿ.

ಕ್ಷಯ, ಕುಷ್ಠ ಎರಡೂ ಇರುವ ನಮ್ಮ ನಾಡಿನಲ್ಲಿ ಗ್ರ್ಯಾನ್ಯುಲೋಮಾ ಕಂಡಾಕ್ಷಣ ಸಾರ್ಕಾಯ್ಡೋಸಿಸ್ ಎನ್ನುವಂತಿಲ್ಲ. ಕ್ಷಯಕ್ಕೆ ಜೀಲ್–ನೀಲ್ಸನ್, ಕುಷ್ಠಕ್ಕೆ ಫೈಟ್, ಶಿಲೀಂಧ್ರಕ್ಕೆ ಪಿಎಎಸ್ ಬಣ್ಣ ಹಾಕಬೇಕು. ಕುಷ್ಠದ ಗ್ರ್ಯಾನ್ಯುಲೋಮಾ ನರದ ಗುಂಟ ಉದ್ದಕ್ಕೆ ಚಾಚಿರುತ್ತದೆ. ಧ್ರುವೀಕೃತ ಬೆಳಕಿನಲ್ಲಿ ಹೊಳೆಯುವ ಕಣ ಕಂಡರೆ ಹೊರವಸ್ತು ಹೊಕ್ಕಿರಬಹುದು, ಆದರೂ ಸಾರ್ಕಾಯ್ಡ್ ಅಲ್ಲವೆಂದು ಅಷ್ಟರಿಂದಲೇ ಹೇಳಲಾಗದು. ಬಣ್ಣದಲ್ಲಿ ಬ್ಯಾಕ್ಟೀರಿಯಾ ಕಾಣದಿದ್ದರೂ ಕ್ಷಯ ಇರಬಹುದು. ಮಾಂಟೂ ಸೊನ್ನೆ ಸಾರ್ಕಾಯ್ಡೋಸಿಸ್‌ಗೆ ಹೊಂದುತ್ತದೆ ನಿಜ, ಆದರೆ ತೀವ್ರ ಕ್ಷಯ, ಎಚ್‌ಐವಿ, ಅಪೌಷ್ಟಿಕತೆಯಲ್ಲೂ ಸೊನ್ನೆ ಬರಬಹುದು.

ಚರ್ಮದಲ್ಲಿ ಏನೂ ಇಲ್ಲದಿದ್ದರೆ ಶ್ವಾಸನಾಳದ ಮೂಲಕ ಅಲ್ಟ್ರಾಸೌಂಡ್ ನೆರವಿನಿಂದ ಎದೆಯ ಗ್ರಂಥಿಯಿಂದಲೇ ಸೂಜಿಯಲ್ಲಿ ಮಾದರಿ ತೆಗೆಯುತ್ತಾರೆ. ಯಾವ ದಾರಿಯಾದರೂ ಪೆಥಾಲಜಿಗೆ ಹೋಗುವ ಚೀಟಿಯಲ್ಲಿ ಎಕ್ಸ್‌ರೇ ವಿವರ, ಮಾಂಟೂ ಫಲಿತಾಂಶ, ಸ್ಟೀರಾಯ್ಡ್ ಶುರುವಾಗಿದ್ದರೆ ಅದರ ದಿನಾಂಕ ಬರೆಸಿ.